ಮೂವತ್ತೊಂದು ಗಂಟೆಯ ದಿನ

ಸುವರ್ಣಾ ಮೊದಲ ಸಲ ತಡವಾಗಿ ಬಂದ ದಿನ ನಾನು ಅವಳಿಗೆ ಎಲ್ಲರ ಎದುರಿಗೇ ಬೈದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮ ಸಂಸ್ಥೆಯ ಗೇಟಿನ ಕಾವಲುಗಾರ ನನ್ನ ಸ್ಕೂಟರಿನ ಸದ್ದು ಕೇಳಿದರೆ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದ.

"ಒಂಬತ್ತೂವರಿಗೆ ಬಾ ಅಂದ್ರ ಹನ್ನೊಂದಕ್ಕ ಬರ್ತಿ. ನಿನ್ನ ಮನೀ ತಾಪತ್ರಯ ಜೀವಕೋಶಕ್ಕ ಗೊತ್ತಾಗ್ತದೇನು?" ಎಂದೆ.

"ಎಚ್ಚರಾನ ಆಗಲಿಲ್ರಿ ಮೇಡಂ. ಅಲಾರಂ ಹೊಡದದ್ದೂ ಕೇಳಿಸಲಿಲ್ಲ."

"ಎಲ್ಲಾರೂ ಮಕ್ಕಳನ್ನ ಹಡದಾರ. ಎಲ್ಲಾರೂ ಏಳ್ತಾರ."

ಅವಳು ತಲೆ ತಗ್ಗಿಸಿ ಬಿಳಿ ಕೋಟು ತೊಟ್ಟುಕೊಂಡು ಕೆಲಸಕ್ಕೆ ಕೂತಳು. ಹಾಜರಿ ಪುಸ್ತಕದಲ್ಲಿ ನಾನು ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಅದು ಜನವರಿ ಐದು.

ಸುವರ್ಣಾ ಬಡಿಗೇರ ನನ್ನ ಪ್ರಯೋಗಾಲಯದ ತಂತ್ರಜ್ಞೆ. ಇಪ್ಪತ್ತೇಳು ವರ್ಷ, ಗುತ್ತಿಗೆ ನೌಕರಿ. ಅವಳಷ್ಟು ಸ್ಥಿರವಾದ ಕೈ ನನ್ನ ಪಿಎಚ್.ಡಿ. ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಇರಲಿಲ್ಲ. ಅಕ್ಟೋಬರಿನಲ್ಲಿ ಹೆರಿಗೆಯಾಗಿತ್ತು. ಗುತ್ತಿಗೆಯವರಿಗೆ ಹೆಚ್ಚು ರಜೆ ಇಲ್ಲವೆಂದು ಡಿಸೆಂಬರ್ ಹದಿನೈದಕ್ಕೆ, ಹತ್ತು ವಾರದ ಮಗುವನ್ನು ಅತ್ತೆಯ ಕೈಲಿ ಬಿಟ್ಟು ಕೆಲಸಕ್ಕೆ ಬಂದಿದ್ದಳು. ಮಧ್ಯಾಹ್ನ ಮನೆಗೆ ಓಡಿಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಮಗುವಿನ ಹೆಸರು ಇಂಚರಾ.

ನಾವು ಮಾಡುತ್ತಿದ್ದ ಕೆಲಸ ಇಷ್ಟು. ಮೈಯ ಪ್ರತಿ ಜೀವಕೋಶದಲ್ಲೂ ಒಂದು ಗಡಿಯಾರವಿದೆ. ಕೋಶದೊಳಗೆ ಒಂದು ಬಗೆಯ ಪ್ರೋಟೀನು ತುಂಬುತ್ತಾ ಹೋಗುತ್ತದೆ. ಕೈನೇಸ್ ಎಂಬ ಕಿಣ್ವ ಅದಕ್ಕೆ ರಂಜಕದ ಗುರುತು ಅಂಟಿಸುತ್ತದೆ, ಗುರುತು ಬಿದ್ದದ್ದನ್ನು ಕೋಶ ಒಡೆದು ಹಾಕುತ್ತದೆ. ಎಲ್ಲ ಖಾಲಿಯಾದ ಮೇಲೆ ಮತ್ತೆ ಮೊದಲಿನಿಂದ. ಈ ಸುತ್ತು ಮುಗಿಯಲು ಸುಮಾರು ಇಪ್ಪತ್ನಾಲ್ಕು ಗಂಟೆ ಬೇಕು, ಅದೇ ನಮ್ಮ ದಿನ. ಕೈನೇಸ್ ನಿಧಾನವಾದರೆ ಪ್ರೋಟೀನು ತಡವಾಗಿ ಖಾಲಿಯಾಗುತ್ತದೆ, ಕೋಶದ ದಿನ ಉದ್ದವಾಗುತ್ತದೆ.

ಕೈನೇಸನ್ನು ನಿಧಾನಗೊಳಿಸಲು ಪ್ರತಿಬಂಧಕಗಳೆಂಬ ರಾಸಾಯನಿಕಗಳಿವೆ. ಕೈನೇಸಿನ ಮೈಯಲ್ಲಿ ಒಂದು ಸಣ್ಣ ಗುಳಿ ಇದೆ. ಎಟಿಪಿ ಎಂಬ ಇಂಧನದ ಅಣು ಅಲ್ಲಿ ಬಂದು ಕೂರಬೇಕು. ಪ್ರತಿಬಂಧಕ ಮೊದಲೇ ಬಂದು ಆ ಜಾಗ ಹಿಡಿದುಬಿಡುತ್ತದೆ, ರೈಲಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತು ನಿದ್ದೆಯ ನಟನೆ ಮಾಡುವವರ ಹಾಗೆ. ಯಾವ ಕೈನೇಸನ್ನು ತಡೆದರೆ ಯಾವ ಸಂದೇಶ ಎಲ್ಲಿಗೆ ನಿಲ್ಲುತ್ತದೆ ಎಂದು ಒಂದೊಂದಾಗಿ ನೋಡುತ್ತಾ ಹೋದರೆ, ಕೋಶದೊಳಗೆ ಸಂದೇಶ ಸಾಗುವ ದಾರಿ ತಿಳಿಯುತ್ತದೆ. ಹೈದರಾಬಾದಿನ ಒಂದು ಔಷಧ ಕಂಪನಿ ನಮಗೆ ಮುನ್ನೂರು ಪ್ರತಿಬಂಧಕಗಳನ್ನು ಕಳಿಸಿತ್ತು. ನಮ್ಮ ಕೋಶಗಳಿಗೆ ಮಿಂಚುಹುಳದ ಒಂದು ಜೀನು ಸೇರಿಸಿದ್ದೆವು. ಅವು ದಿನಕ್ಕೊಮ್ಮೆ ಮಿನುಗಿ ಆರುತ್ತಿದ್ದವು, ಯಂತ್ರ ಆ ಬೆಳಕನ್ನು ಎಣಿಸಿ ಅಲೆಯಂತೆ ಗೆರೆ ಬರೆಯುತ್ತಿತ್ತು.

ಸಾಮಾನ್ಯವಾಗಿ ಪ್ರತಿಬಂಧಕವನ್ನು ತೊಳೆದುಬಿಟ್ಟರೆ ಎರಡು ದಿನದಲ್ಲಿ ಕೋಶ ತನ್ನ ಹಳೆಯ ದಿನಕ್ಕೆ ಮರಳುತ್ತದೆ. ಇನ್ನೂರ ಹತ್ತೊಂಬತ್ತನೆಯದು ಹಾಗಿರಲಿಲ್ಲ. ಅದನ್ನು ಹಾಕಿದ ಕೋಶಗಳ ದಿನ ಇಪ್ಪತ್ತೈದಾಯಿತು, ಇಪ್ಪತ್ತೆಂಟಾಯಿತು, ಮೂವತ್ತೊಂದು ಗಂಟೆಗೆ ಬಂದು ನಿಂತಿತು. ತೊಳೆದೆವು. ಮತ್ತೆ ತೊಳೆದೆವು. ಮೂವತ್ತೊಂದೇ. ಕೋಶ ಒಡೆದು ಎರಡಾದರೆ ಎರಡಕ್ಕೂ ಮೂವತ್ತೊಂದೇ. ಹೊಸ ಕೈನೇಸ್ ಹುಟ್ಟಿದರೂ ಅದು ಹಳೆಯ ನಿಧಾನವನ್ನೇ ಏಕೆ ಕಲಿಯುತ್ತಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಮಾತ್ರ ನಾನು ಖುಷಿಯಿಂದ ಇಡೀ ಲ್ಯಾಬಿಗೆ ಗಿರಮಿಟ್ ತರಿಸಿ ತಿನ್ನಿಸಿದ್ದೆ.

ಸುವರ್ಣಾ ದಿನದಿಂದ ದಿನಕ್ಕೆ ತಡವಾದಳು. ಹಿಂದಿನ ದಿನಕ್ಕಿಂತ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ. ಒಂದು ದಿನ ಸಂಜೆ ನಾಲ್ಕಕ್ಕೆ ಮುಖ ತೊಳೆದುಕೊಂಡು ಲವಲವಿಕೆಯಿಂದ ಬಂದು "ನಮಸ್ಕಾರ್ರೀ ಮೇಡಂ" ಎಂದಳು. ಮಾರನೆಯ ದಿನ ಬರಲೇ ಇಲ್ಲ. ಇನ್ನು ಇವಳ ಸೊಕ್ಕು ಇಳಿಸಲೇಬೇಕೆಂದು ನಾನು ಜನವರಿ ಹದಿನೇಳರ ಬೆಳಿಗ್ಗೆ ಹನ್ನೊಂದಕ್ಕೆ ಹೊಸಯಲ್ಲಾಪುರದ ಅವಳ ಮನೆಗೇ ಹೋದೆ.

ಬಾಗಿಲು ತೆರೆದಿತ್ತು. ಅವಳ ಅತ್ತೆ ಗೌರವ್ವ ಹೊರಗಿನ ಪಡಸಾಲೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು. ಖಾನಾವಳಿಗಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಮಾಡಿಕೊಡುವ ಹೆಂಗಸು. ನನ್ನನ್ನು ಕಂಡು ಹಿಟ್ಟಿನ ಕೈಯಲ್ಲೇ ಎದ್ದು ನಿಂತರು.

"ಛಲೋ ಆತು ಬಂದ್ರಿ ಅಕ್ಕಾರ. ಒಳಗ ಬಂದು ನೀವ ನೋಡ್ರಿ. ನಾ ಹೇಳಿದ್ರ ಯಾರೂ ನಂಬವಲ್ರು."

ಒಳಮನೆಯ ಕಿಟಕಿಯಿಂದ ಬಿಸಿಲು ಸೀದಾ ಹಾಸಿಗೆಯ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ ಸುವರ್ಣಾ ಮಗುವನ್ನು ತಬ್ಬಿಕೊಂಡು ಮಲಗಿದ್ದಳು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ, ಪಕ್ಕದ ಮನೆಯಲ್ಲಿ ಮಿಕ್ಸರ್ ತಿರುಗುತ್ತಿತ್ತು. ಇಬ್ಬರೂ ಮಿಸುಕಲಿಲ್ಲ. ಗೌರವ್ವ ಮಗುವಿನ ಪಾದ ತಿಕ್ಕಿದರು, ಕೆನ್ನೆ ತಟ್ಟಿದರು. ಕಣ್ಣು ಬಿಡಲಿಲ್ಲ.

"ಇದು ದಣಿವಿನ ನಿದ್ದಿ ಅಲ್ರಿ ಅಕ್ಕಾರ," ಎಂದರು. "ದಣದವರು ಹೊಳ್ಳ್ಯಾಡ್ತಾರ, ನರಳ್ತಾರ. ಇವರಿಬ್ರಿಗೂ ಈಗ ನಡುರಾತ್ರಿ ಆಗೇದ. ಎದ್ರ ಇಬ್ರೂ ಕೂಡೇ ಏಳ್ತಾರ. ನಿನ್ನೆ ಎದ್ದ ಹೊತ್ತಿಗೆ ಇವತ್ತ ಏಳಂಗಿಲ್ಲ, ಇವತ್ತ ಎದ್ದ ಹೊತ್ತಿಗೆ ನಾಳೆ ಏಳಂಗಿಲ್ಲ. ಮುಂದ ಮುಂದ ಹೊಂಟಾರ. ಮತ್ತ ಇನ್ನೊಂದು... ಈಕಿ ಬಾಯಾಗ ಸದಾ ಬಳ್ಳೊಳ್ಳಿ ವಾಸನಿ ಬರ್ತಿತ್ರಿ. ಉಪ್ಪಿಟ್ಟು ತಿಂದ್ರೂ ಅದ, ಹಾಲು ಕುಡದ್ರೂ ಅದ."

ಬೆಳ್ಳುಳ್ಳಿಯ ವಾಸನೆ ಎಲ್ಲಿಂದ ಬರುತ್ತದೆ ಎಂದು ನಮ್ಮ ಕಸುಬಿನ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಪ್ರತಿಬಂಧಕಗಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಫ್ರೀಜರಿನಲ್ಲಿ ಇಡುತ್ತೇವೆ. ಹದಿನೆಂಟು ಡಿಗ್ರಿಗಿಂತ ಕೆಳಗೆ ಅದು ಗಡ್ಡೆ ಕಟ್ಟುತ್ತದೆ. ಧಾರವಾಡದ ಡಿಸೆಂಬರಿನಲ್ಲಿ ಮೇಜಿನ ಮೇಲಿಟ್ಟರೆ ಅರ್ಧ ಗಂಟೆಯಾದರೂ ಕರಗುವುದಿಲ್ಲ. ಅದಕ್ಕೆ ಎಲ್ಲ ಪ್ರಯೋಗಾಲಯಗಳಲ್ಲೂ ಒಂದು ರೂಢಿ ಇದೆ: ಕೈಗವಸು ತೆಗೆದು ಶೀಶೆಯನ್ನು ಬರಿಯ ಅಂಗೈಯಲ್ಲಿ ಮುಚ್ಚಿ ಹಿಡಿಯುವುದು. ಎರಡು ನಿಮಿಷದಲ್ಲಿ ಕರಗುತ್ತದೆ. ನನ್ನ ಗುರುಗಳು ನನಗೆ ಹಾಗೆ ಕಲಿಸಿದರು. ನಾನು ಸುವರ್ಣಾಗೆ ಕಲಿಸಿದೆ, "ಅಂಗೈಗಿಂತ ಛಲೋ ಹೀಟರ್ ಇಲ್ಲ" ಎಂದು ನಗುತ್ತಾ. ಡಿಎಂಎಸ್‌ಒಗೆ ಒಂದು ಗುಣವಿದೆ. ಅದು ಚರ್ಮವನ್ನು ದಾಟಿ ಒಳಗೆ ಹೋಗುತ್ತದೆ, ಹೋಗುವಾಗ ತನ್ನಲ್ಲಿ ಕರಗಿದ್ದನ್ನೂ ಕರೆದುಕೊಂಡು ಹೋಗುತ್ತದೆ. ಆಮೇಲೆ ಬಾಯಿ ಬೆಳ್ಳುಳ್ಳಿ ನಾರುತ್ತದೆ. ಇನ್ನೂರ ಹತ್ತೊಂಬತ್ತನೆಯ ಶೀಶೆಯ ಮುಚ್ಚಳ ಸಡಿಲವಿತ್ತು. ಅದನ್ನು ಅವಳು ಮೂರು ವಾರ ದಿನಕ್ಕೆರಡು ಸಲ ಅಂಗೈಯಲ್ಲಿ ಕರಗಿಸಿದ್ದಳು.

ಕೂದಲಿನ ಬೇರಿನಲ್ಲಿರುವ ಕೋಶಗಳಿಂದ ಮನುಷ್ಯರ ಗಡಿಯಾರವನ್ನು ಅಳೆಯಬಹುದು. ಸುವರ್ಣಾಳ ಐದು ಕೂದಲು ತೆಗೆದುಕೊಂಡೆ. ಮಗುವಿನ ಎರಡು ಕೂದಲು ಕೇಳಿದಾಗ ಗೌರವ್ವ ಅಡ್ಡ ಬಂದರು.

"ಇನ್ನೂ ಜವಳ ಆಗಿಲ್ರಿ. ಜವಳಕ್ಕಿಂತ ಮೊದಲ ಕೂಸಿನ ತಲಿಗೆ ಕೈ ಹಚ್ಚಬಾರದು."

"ಗೌರವ್ವ, ಈಗ ನೋಡಲಿಲ್ಲಂದ್ರ ತಡಾ ಆಗ್ತದ," ಎಂದೆ. ಆ ಮಾತು ಆಡಿದವಳು ನಾನೇ.

ಅವರು ಮುಖ ಆ ಕಡೆ ತಿರುಗಿಸಿದರು. ನಾನು ಚಿಮಟದಿಂದ ಎರಡೇ ಎರಡು ಕೂದಲು ತೆಗೆದೆ.

ಏಳು ದಿನದ ಮೇಲೆ ಯಂತ್ರ ಗೆರೆ ಬರೆದು ಮುಗಿಸಿತು. ಸುವರ್ಣಾಳ ಅಲೆ ಚೂಪಾಗಿ, ಸ್ಪಷ್ಟವಾಗಿ ಮೂವತ್ತೊಂದು ಗಂಟೆಗೊಮ್ಮೆ ಏಳುತ್ತಿತ್ತು. ಮಗುವಿನದು ಅಷ್ಟು ಸ್ಪಷ್ಟವಾಗಿರಲಿಲ್ಲ. ಎಳೆಯ ಮಕ್ಕಳ ಗಡಿಯಾರ ಇನ್ನೂ ಹಸಿಯಾಗಿರುತ್ತದೆ, ಮೊದಲ ಕೆಲವು ತಿಂಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಇಂಚರಾಳ ಅಲೆ ಅಗಲವಾಗಿ, ಮಬ್ಬಾಗಿತ್ತು. ತಾಯಿಯ ಕಡೆಗೆ ವಾಲಿತ್ತು, ಆದರೆ ಇನ್ನೂ ಅಲ್ಲಿಗೆ ಸೇರಿರಲಿಲ್ಲ.

ಸುವರ್ಣಾ ಎದ್ದಿರುವ ಹೊತ್ತು ನೋಡಿಕೊಂಡು ಹೋಗಿ ಎಲ್ಲ ಹೇಳಿದೆ. ಅವಳ ಗಂಡ ಮಹಾಂತೇಶನೂ ಇದ್ದ. ಬಸ್ ಡ್ರೈವರ್, ಖಾಕಿಯಲ್ಲೇ ಕೂತಿದ್ದ. ಅಂಗೈಯ ವಿಷಯ ಹೇಳುವಾಗ ನನಗೆ ಅವನ ಮುಖ ನೋಡಲಾಗಲಿಲ್ಲ.

ಸುವರ್ಣಾ ತನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಕೂಸಿಗೆ ನನ್ನ ಹಾಲಿನಿಂದ ಹೊಂಟದೇನ್ರಿ ಮೇಡಂ? ಹಾಲು ಬಿಡಸ್ಲೇನ್ರಿ?" ಎಂದಳು.

"ಖಾತ್ರಿ ಆಗೂತನಕ ಮೂರು ತಿಂಗಳ ಕೂಸಿಗೆ ತಾಯಿ ಹಾಲು ಬಿಡಸೂದು ತಪ್ಪು. ಇಲಿಗಳ ಮ್ಯಾಲೆ ನೋಡ್ತೀನಿ. ನಾ ಹೇಳೂತನಕ ತಡಿ."

"ನೀವು ಹೇಳಿದಂಗ ಮಾಡ್ತೀನ್ರಿ," ಎಂದಳು.

ಅವಳಿಗೆ ಕೆಲಸದಿಂದ ರಜೆ ಕೊಡಿಸಿದೆ. ಶೀಶೆ ಮುಟ್ಟದೆ ಎಷ್ಟು ದಿನ ಕಳೆದರೂ ಅವಳ ದಿನ ಮೂವತ್ತೊಂದರಿಂದ ಒಂದು ನಿಮಿಷ ಇಳಿಯಲಿಲ್ಲ. ಮನೆಯವರು ಹೊಂದಿಕೊಂಡರು; ಜನ ಎಂಥದ್ದಕ್ಕೂ ಹೊಂದಿಕೊಳ್ಳುತ್ತಾರೆ. ಮಹಾಂತೇಶ ಬಸ್ಸಿನ ವೇಳಾಪಟ್ಟಿಯ ಹಾಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ: ಸೋಮವಾರ ಬೆಳಿಗ್ಗೆ ಆರಕ್ಕೆ ಸುವರ್ಣಾಗೆ ಬೆಳಗು, ಮಂಗಳವಾರ ಮಧ್ಯಾಹ್ನ ಒಂದಕ್ಕೆ, ಬುಧವಾರ ರಾತ್ರಿ ಎಂಟಕ್ಕೆ. ನಾಲ್ಕೈದು ದಿನಕ್ಕೊಮ್ಮೆ ಅವಳ ಬೆಳಗೂ ಊರಿನ ಬೆಳಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತಿತ್ತು. ಆ ದಿನವನ್ನು ಗೌರವ್ವ "ಕೂಡಿ ಉಣ್ಣೂ ದಿನ" ಎಂದು ಕರೆಯುತ್ತಿದ್ದರು. ಅವತ್ತು ಎಣ್ಣೆಗಾಯಿ ಪಲ್ಯ ಮಾಡಿ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಿದ್ದರು. ಉಳಿದ ದಿನ ಒಂದೇ ಮನೆಯಲ್ಲಿ ಎರಡು ಸಂಸಾರ. ಇವರಿಗೆ ಅವರ ಸದ್ದು, ಅವರಿಗೆ ಇವರ ಸದ್ದು. ಆರೋಗ್ಯ ಕೇಂದ್ರದ ಕಾರ್ಡಿನಲ್ಲಿ ಮಗುವಿನ ತೂಕದ ಗೆರೆ ಮೊದಲು ಏರುತ್ತಿದ್ದದ್ದು ಮಟ್ಟಸವಾಗಿ ನಿಂತಿತ್ತು. "ಹಾಲು ಸಾಲವಲ್ದೇನೋ" ಎಂದು ನರ್ಸ್ ಹೇಳಿ ಕಳಿಸಿದ್ದಳಂತೆ.

ಇಲಿಮನೆಯಲ್ಲಿ ನಾನು ಮರಿ ಹಾಕಿದ ಇಲಿಗಳ ಮೂರು ತಂಡ ಮಾಡಿದ್ದೆ, ಒಂದಕ್ಕೂ ಇನ್ನೊಂದಕ್ಕೂ ಹತ್ತು ದಿನದ ಅಂತರ. ತಾಯಿಗೆ ಇನ್ನೂರ ಹತ್ತೊಂಬತ್ತು ಕೊಟ್ಟು, ಕೆಲವು ಮರಿಗಳನ್ನು ಕಣ್ಣು ತೆರೆಯುವ ಮೊದಲೇ ಬೇರೆ ತಾಯಿಯ ಬಳಿ ಬಿಡುವುದು, ಕೆಲವನ್ನು ಕಣ್ಣು ತೆರೆದ ಮೇಲೆ ಬಿಡುವುದು. ನಮ್ಮಲ್ಲಿ ಒಂದು ನೇಮವಿದೆ, ನಾನದನ್ನು ಪೂಜೆಯಷ್ಟು ನಿಷ್ಠೆಯಿಂದ ಪಾಲಿಸಿದವಳು: ಮೂರು ಸಲ ಒಂದೇ ಉತ್ತರ ಬರುವವರೆಗೆ ಅದು ಉತ್ತರವಲ್ಲ, ಬರಿಯ ಸುದ್ದಿ. ಒಂದೇ ಸಲದ ಫಲಿತಾಂಶ ಹಿಡಿದು ಓಡಿಬಂದ ಹುಡುಗರನ್ನು ನಾನು ಅಳಿಸಿ ಕಳಿಸಿದ್ದೇನೆ.

ಫೆಬ್ರವರಿ ಹದಿನೆಂಟಕ್ಕೆ ಮೊದಲ ತಂಡದ ಗೆರೆಗಳು ಬಂದವು. ಕಣ್ಣು ತೆರೆಯುವ ಮೊದಲು ಬೇರೆ ತಾಯಿಯ ಬಳಿ ಹೋದ ಮರಿಗಳು ಇಪ್ಪತ್ನಾಲ್ಕು ಗಂಟೆಗೆ ಮರಳಿದ್ದವು. ಆಮೇಲೆ ಹೋದವು ಮೂವತ್ತೊಂದರಲ್ಲೇ ಉಳಿದಿದ್ದವು, ಒಂದೂ ಮರಳಿರಲಿಲ್ಲ. ಅಂದರೆ ಒಂದು ಬಾಗಿಲಿತ್ತು, ಅದು ಮುಚ್ಚುತ್ತಿತ್ತು. ಮನುಷ್ಯರ ಮಗುವಿಗೆ ಆ ಬಾಗಿಲು ಎಷ್ಟನೆಯ ತಿಂಗಳಿಗೆ ಮುಚ್ಚುತ್ತದೆ ಎಂದು ಪ್ರಪಂಚದಲ್ಲಿ ಯಾರೂ ಅಳೆದಿರಲಿಲ್ಲ.

ಮೊಬೈಲ್ ಕೈಗೆತ್ತಿಕೊಂಡೆ. ಸುವರ್ಣಾಳ ನಂಬರಿನ ಮೇಲೆ ಬೆರಳು ಇಟ್ಟಿದ್ದೆ. ಅಷ್ಟರಲ್ಲಿ ಹೈದರಾಬಾದಿನಿಂದಲೇ ಕರೆ ಬಂತು. ಕಂಪನಿಯ ಸಂಶೋಧನಾ ಮುಖ್ಯಸ್ಥ, ಮೂಲದಲ್ಲಿ ಮೈಸೂರಿನವನು, ಬಹಳ ನಯವಾದ ಮಾತು. ಕೋಶಗಳ ವರದಿಯನ್ನು ನಾನು ಅವನಿಗೆ ಕಳಿಸಿದ್ದೆ.

"ಕಡಕೋಳ ಮೇಡಂ, ಮೂವತ್ತೊಂದು ಗಂಟೆ, ಆಮೇಲೆ ಇಳಿಯೋದೇ ಇಲ್ಲ ಅಂತ ಬರೆದಿದೀರಲ್ಲ, ನಿಜಾನಾ? ಲಾರಿ ಓಡಿಸೋರು, ಗಡಿ ಕಾಯೋರು, ಕಂಟ್ರೋಲ್ ರೂಮಲ್ಲಿ ಕೂರೋರು... ಒಂದೇ ಏಟಿಗೆ ಇಪ್ಪತ್ತು ಗಂಟೆ ಎಚ್ಚರವಾಗಿರೋ ಮನುಷ್ಯ ಸಿಕ್ಕರೆ ಎಷ್ಟು ಬೇಡಿಕೆ ಇದೆ ಗೊತ್ತಾ ನಿಮಗೆ?"

"ಇಳೀದಽ ಇರೂದು ರೋಗರೀ, ಗುಣ ಅಲ್ಲ," ಎಂದು ಗದರಿದೆ. "ಇಲ್ಲಿ ಒಂದು ಕೂಸಿಗೆ ಹತ್ತೇದ."

"ಅದು ಈ ಸಂಯುಕ್ತದಿಂದಲೇ ಅಂತ ಸಾಬೀತಾಗಿದೆಯಾ ಮೇಡಂ? ಎಷ್ಟು ಸಲ ಮಾಡಿದೀರಿ?"

"ಒಂದು ಸಲ."

"ನೀವೇ ಒಂದೇ ಸಲದ್ದನ್ನ ಒಪ್ಪಲ್ಲ ಅಂತ ಕೇಳಿದೀನಿ," ಎಂದ. ನಕ್ಕನೇನೋ, ನೆನಪಿಲ್ಲ.

ಫೋನಿಟ್ಟೆ. ಸುವರ್ಣಾಗೆ ಕರೆ ಮಾಡಲಿಲ್ಲ. ಅವನ ಮಾತಿನಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲದ ಗೆರೆ ನಂಬಿ ಮಗುವಿನ ಬಾಯಿಂದ ಹಾಲು ಕಿತ್ತು, ಮುಂದಿನ ತಂಡದಲ್ಲಿ ಬೇರೆ ಉತ್ತರ ಬಂದರೆ? ಸುವರ್ಣಾಳ ಎದುರು ನಾನು ಎರಡನೆಯ ಸಲ ತಪ್ಪಿತಸ್ಥಳಾಗಿ ನಿಲ್ಲಬೇಕಾಗುತ್ತದೆ. ಆ ಹೆದರಿಕೆಗೆ ನಾನು ಶಿಸ್ತು ಎಂದು ಹೆಸರಿಟ್ಟೆ. ಇಪ್ಪತ್ತು ದಿನ ತಾನೇ ಎಂದುಕೊಂಡೆ. ಫೆಬ್ರವರಿ ಇಪ್ಪತ್ತೆಂಟಕ್ಕೆ ಎರಡನೆಯ ತಂಡ ಅದೇ ಉತ್ತರ ಕೊಟ್ಟಿತು. ಮಾರ್ಚ್ ಹತ್ತಕ್ಕೆ ಮೂರನೆಯದೂ ಅದನ್ನೇ ಹೇಳಿತು. ಅವತ್ತೇ ಮಧ್ಯಾಹ್ನ ಹೊಸಯಲ್ಲಾಪುರಕ್ಕೆ ಹೋದೆ.

"ಈಗ ಖಾತ್ರಿ ಆಗೇದ," ಎಂದೆ. "ಹಾಲಿನಿಂದನ. ಇವತ್ತ ಬಿಡಸ್ರಿ. ಬರೇ ಹಾಲಲ್ಲ, ನೀನೂ ಕೂಸಿನ ಹತ್ರ ಇರಬಾರದು ಸುವರ್ಣಾ. ನಿನ್ನ ಮೈ ಬಿಸಿ, ನೀ ಏಳೂದು, ನೀ ಮಲಗೂದು, ಎಲ್ಲಾ ಅದಕ್ಕ ಗಡಿಯಾರ ಆಗ್ತದ. ಇಪ್ಪತ್ತು ದಿನ."

ಅವಳು ಅಳಲಿಲ್ಲ. ಮಗುವನ್ನು ಗಂಡನ ಕೈಗೆ ಕೊಟ್ಟು ಎದ್ದಳು. ಗೌರವ್ವ ಮಾರುಕಟ್ಟೆಯಿಂದ ಮಲ್ಲಿಗೆ ತರಿಸಿದರು. ಹಾಲು ಬತ್ತಲೆಂದು ಎದೆಯ ಮೇಲೆ ಮೊಗ್ಗು ಹರವಿ ಹಳೆಯ ಸೀರೆಯ ತುಂಡಿನಿಂದ ಬಿಗಿಯಾಗಿ ಕಟ್ಟುವುದು ಇಲ್ಲಿಯ ಪದ್ಧತಿ. ಕಟ್ಟುವಾಗ ಅತ್ತೆ ಅಳುತ್ತಿದ್ದರು, ಸೊಸೆ ಸಮಾಧಾನ ಮಾಡುತ್ತಿದ್ದಳು.

"ಇಪ್ಪತ್ತಽ ದಿನ ಅತ್ತಿ. ಕೂಸು ಉಳೀತದ. ಮೇಡಂ ಹೇಳ್ಯಾರಲ್ಲ."

ಅವತ್ತೇ ಸಂಜೆ ಹುಬ್ಬಳ್ಳಿಯಲ್ಲಿದ್ದ ಅಕ್ಕನ ಮನೆಗೆ ಹೋದಳು.

ಆ ಇಪ್ಪತ್ತು ದಿನಗಳ ಮಾತು ಗೌರವ್ವನಿಂದ ಕೇಳಿದ್ದು. ಮೊದಲ ವಾರ ಮಗು ಬಾಟಲಿಯನ್ನು ಬಾಯಿಗೆ ಸೇರಿಸಲಿಲ್ಲ. ಆಮೇಲೆ ಹಸಿವಿಗೆ ಸೋತು ಕುಡಿಯಿತು. ಸುವರ್ಣಾ ದಿನಾ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ: "ಯಾವಾಗ ಎದ್ದಳತ್ತಿ?" ಗೌರವ್ವ ಹೇಳಿದ ಹೊತ್ತನ್ನು ಅವಳು ಬರೆದುಕೊಳ್ಳುತ್ತಿದ್ದಳಂತೆ. ಕೆಲವು ದಿನ ಮಗು ಬೆಳಿಗ್ಗೆ ಆರಕ್ಕೇ ಎದ್ದು ಗೌರವ್ವನ ರೊಟ್ಟಿಯ ಸದ್ದಿಗೆ ಕೈ ಬಡಿಯುತ್ತಿತ್ತು. ಆಗ ಮಹಾಂತೇಶ ನನಗೆ ಸಂದೇಶ ಕಳಿಸುತ್ತಿದ್ದ, "ಇವತ್ತು ಆರಕ್ಕೆ ಎದ್ದಾಳ್ರಿ ಮೇಡಂ" ಎಂದು, ಕೈಮುಗಿದ ಚಿತ್ರದ ಜೊತೆ. ನಾನೂ ಆಸೆಪಟ್ಟೆ.

ಅದೇ ದಿನಗಳಲ್ಲಿ ಇಲಿಮನೆಯಿಂದ ಮತ್ತೊಂದು ಸುದ್ದಿ ಬಂತು. ಮೂವತ್ತೊಂದರಲ್ಲಿ ಉಳಿದ ಮರಿಗಳು ನಮ್ಮ ಇಪ್ಪತ್ನಾಲ್ಕು ಗಂಟೆಯ ದೀಪದಡಿಯಲ್ಲಿ ಆರನೆಯ ವಾರದಿಂದ ಒಂದೊಂದಾಗಿ ಸಾಯತೊಡಗಿದವು. ಕೊಯ್ದು ನೋಡಿದರೆ ಹೃದಯ ದಪ್ಪಗೆ ಊದಿತ್ತು. ಒಳಗಿನ ಗಡಿಯಾರ ಒಂದು ಹೇಳುತ್ತದೆ, ಹೊರಗಿನ ಬೆಳಕು ಇನ್ನೊಂದು ಹೇಳುತ್ತದೆ, ಪಾಪದ ಹೃದಯ ಎರಡಕ್ಕೂ ಓಗೊಡಲು ಹೋಗಿ ದಣಿಯುತ್ತದೆ. ಅದೇ ತಂಡದ ನಾಲ್ಕು ಮರಿಗಳನ್ನು ಕಿಟಕಿಯಿಲ್ಲದ ಕೋಣೆಯಲ್ಲಿಟ್ಟು ದೀಪವನ್ನು ಮೂವತ್ತೊಂದು ಗಂಟೆಯ ಲೆಕ್ಕಕ್ಕೆ ಹಾಕಿ ಆರಿಸಿದೆ. ನಾಲ್ಕೂ ಬದುಕಿದವು, ಮೈತುಂಬಿಕೊಂಡವು. ಇದನ್ನು ಮೂರು ಸಲ ಮಾಡಿ ನೋಡುವ ಧೈರ್ಯ ನನಗಿರಲಿಲ್ಲ. ಕಂಪನಿಗೆ ಬರೆದೆ, ಕೂಡಲೇ ಇದನ್ನು ನಿಲ್ಲಿಸಿ ಎಂದು. ಧನ್ಯವಾದ, ಬಹಳ ಕುತೂಹಲಕರ ಮಾಹಿತಿ ಎಂದು ಉತ್ತರ ಬಂತು. ಇನ್ನೂರ ಹತ್ತೊಂಬತ್ತನ್ನು ಇನ್ನೂ ಆರು ಪ್ರಯೋಗಾಲಯಗಳಿಗೆ ಕಳಿಸಿದ್ದಾರೆ ಎಂದು ಆ ಪತ್ರದಿಂದಲೇ ತಿಳಿಯಿತು. ಆರಕ್ಕೂ ನಾನೇ ಬರೆದೆ, ಶೀಶೆಯನ್ನು ಅಂಗೈಯಲ್ಲಿ ಹಿಡಿಯಬೇಡಿ ಎಂದು. ಎರಡು ಕಡೆಯಿಂದ ಮಾತ್ರ ಉತ್ತರ ಬಂತು. ಅದರಲ್ಲಿ ಒಬ್ಬರು, ತಮ್ಮ ಹುಡುಗಿಯೊಬ್ಬಳು ಈಚೆಗೆ ಬಹಳ ತಡವಾಗಿ ಬರುತ್ತಾಳೆ, ಇದು ಅದೇ ಇರಬಹುದೇ ಎಂದು ಕೇಳಿದ್ದರು.

ಮಾರ್ಚ್ ಮೂವತ್ತಕ್ಕೆ ಇಂಚರಾಳ ಎರಡು ಕೂದಲು ಮತ್ತೆ ತೆಗೆದುಕೊಂಡು ಯಂತ್ರದಲ್ಲಿಟ್ಟೆ. ಮೊದಲ ಅಲೆ ಎದ್ದಿತು. ಇನ್ನೊಂದು ಇಪ್ಪತ್ನಾಲ್ಕು ಗಂಟೆಗೆ ಏಳಬೇಕು. ಕುರ್ಚಿ ಎಳೆದುಕೊಂಡು ಯಂತ್ರದ ಮುಂದೆ ಕೂತೆ. ಇಪ್ಪತ್ನಾಲ್ಕು ಗಂಟೆಯಾಯಿತು, ಗೆರೆ ಕೆಳಗೇ ಇತ್ತು. ಇಪ್ಪತ್ತಾರು. ಇಪ್ಪತ್ತೆಂಟು. ನಾನು ದೇವರನ್ನು ನೆನೆಯುವ ಪೈಕಿಯಲ್ಲ, ಅವತ್ತು ನೆನೆದೆ. ಮೂವತ್ತೊಂದು ಗಂಟೆಗೆ ಗೆರೆ ಎದ್ದಿತು. ಮಬ್ಬಿರಲಿಲ್ಲ, ಚೂಪಾಗಿತ್ತು, ತಾಯಿಯದರ ಪಡಿಯಚ್ಚು. ಇನ್ನೂ ನಾಲ್ಕು ಅಲೆ ನೋಡಿದೆ. ಎಲ್ಲವೂ ಅಷ್ಟೇ. ಹಾಲು ಬಿಡಿಸುವ ಹೊತ್ತಿಗಾಗಲೇ ಅದು ಗಟ್ಟಿಯಾಗಿಬಿಟ್ಟಿತ್ತು.

ಏಪ್ರಿಲ್ ಆರರಂದು ಮಧ್ಯಾಹ್ನ ಹೊಸಯಲ್ಲಾಪುರಕ್ಕೆ ಹೋದಾಗ ಸುವರ್ಣಾ ಹುಬ್ಬಳ್ಳಿಯಿಂದ ಆಗಲೇ ಬಂದು ಕೂತಿದ್ದಳು. ಎದ್ದ ಕೂಡಲೇ ಮುಖ ತೊಳೆದು ಸೀದಾ ಬಸ್ಸು ಹತ್ತಿದಂತಿತ್ತು. ನನ್ನನ್ನು ನೋಡಿ ಎದ್ದು ನಿಂತಳು. ಒಳಮನೆಯಲ್ಲಿ ಮಗು ಇನ್ನೂ ಮಲಗಿತ್ತು. ಮಹಾಂತೇಶ ಪೇಡೆಯ ಪೊಟ್ಟಣ ತಂದಿಟ್ಟಿದ್ದ, ದಾರ ಬಿಚ್ಚಿರಲಿಲ್ಲ.

ಹೇಳಿದೆ. ಗೆರೆಯ ಕಾಗದ ಮುಂದಿಟ್ಟೆ. ಅವಳಿಗೆ ಅದನ್ನು ಓದಲು ನಾನೇ ಕಲಿಸಿದ್ದೆ, ವಿವರಿಸುವ ಅಗತ್ಯವಿರಲಿಲ್ಲ. ಇಲಿಗಳ ಹೃದಯದ ಮಾತೂ ಹೇಳಿದೆ. ಇನ್ನು ತಾಯಿ ಮಗು ಇಬ್ಬರೂ ಸೂರ್ಯನ ಬೆಳಕು ಬರದ ಮನೆಯಲ್ಲಿ ತಮ್ಮದೇ ಹಗಲು, ತಮ್ಮದೇ ರಾತ್ರಿ ಮಾಡಿಕೊಂಡು ಇರಬೇಕು, ದೀಪಗಳನ್ನು ನಾನು ಹಾಕಿಸಿಕೊಡುತ್ತೇನೆ ಎಂದೆ.

"ಎಷ್ಟು ದಿನ್ರಿ ಅಕ್ಕಾರ?" ಎಂದರು ಗೌರವ್ವ.

ನಾನು ಪೇಡೆಯ ಪೊಟ್ಟಣದ ಕಡೆ ನೋಡಿದೆ. ಅವರು ಮತ್ತೆ ಕೇಳಲಿಲ್ಲ.

"ಕಿಟಕಿಗೆ ಕರೀ ಟಾರ್ಪಾಲು ಹೊಡಸ್ತೀನಿ," ಎಂದ ಮಹಾಂತೇಶ. ಎದ್ದು ಹೋಗಿ ಕಿಟಕಿಯನ್ನು ಗೇಣಿನಿಂದ ಅಳೆಯತೊಡಗಿದ. ಒಂದೇ ಕಿಟಕಿಯನ್ನು ಮೂರು ನಾಲ್ಕು ಸಲ ಅಳೆದ.

ಸುವರ್ಣಾ ಕಾಗದದಿಂದ ತಲೆ ಎತ್ತಲಿಲ್ಲ. ಮೆಲ್ಲಗೆ, ಲ್ಯಾಬಿನಲ್ಲಿ ಏನಾದರೂ ಸಂದೇಹ ಕೇಳುವಾಗಿನ ದನಿಯಲ್ಲೇ ಕೇಳಿದಳು.

"ಮೇಡಂ, ಇಲಿ ಮೂರು ತಂಡ ಮಾಡಿದ್ರೇನ್ರಿ?"

"ಹೂಂ."

"ಮೊದಲನೇ ತಂಡದ್ದು ಯಾವಾಗ ಬಂತ್ರಿ?"

ಸುಳ್ಳು ಹೇಳಬಹುದಿತ್ತು. ಪ್ರಯೋಗದ ಪುಸ್ತಕ ನನ್ನ ಬೀರುವಿನಲ್ಲಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ.

"ಫೆಬ್ರವರಿ ಹದಿನೆಂಟಕ್ಕ," ಎಂದೆ.

ಅವಳು ಬೆರಳು ಮಡಿಸಿ ಎಣಿಸಿದಳು. ಫೆಬ್ರವರಿ ಹದಿನೆಂಟರಿಂದ ಮಾರ್ಚ್ ಹತ್ತರವರೆಗೆ ಒಂದೊಂದೇ ದಿನ, ತುಟಿ ಅಲುಗಿಸುತ್ತಾ. ಇಪ್ಪತ್ತಕ್ಕೆ ಬಂದು ನಿಂತಳು.

"ಅವತ್ತ ಹೇಳಿದ್ರ ಉಳೀತಿತ್ತೇನ್ರಿ?"

"ಗೊತ್ತಿಲ್ಲ ಸುವರ್ಣಾ. ಉಳೀಬಹುದಿತ್ತು."

ಅವಳು ನನಗೆ ಬೈಯಲಿಲ್ಲ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಒಳಗೆ ಮಗು ಎದ್ದು ಅಳತೊಡಗಿತು. ಸುವರ್ಣಾ ಹೋಗಿ ಎತ್ತಿಕೊಂಡು ಬಂದು ಗೋಡೆಗೆ ಒರಗಿ ಕೂತಳು. ಸೆರಗಿನೊಳಗೆ ಕೈ ಹಾಕಿ ಸೀರೆಯ ತುಂಡಿನ ಗಂಟು ಬಿಚ್ಚಿದಳು. ಅಕ್ಕನ ಮನೆಯಲ್ಲಿ ಕಟ್ಟಿಕೊಂಡಿದ್ದ ಮಲ್ಲಿಗೆ ಒಣಗಿ ಕಂದಾಗಿ ನೆಲಕ್ಕೆ ಉದುರಿತು. ಮಗು ತಾಯಿಯ ಗುರುತು ಹಿಡಿದು ಅಳು ನಿಲ್ಲಿಸಿ ಎದೆಗೆ ಬಾಯಿ ಹಾಕಿತು, ಆಸೆಯಿಂದ ಚೀಪಿತು, ಬಿಟ್ಟು ಮತ್ತೆ ಹಿಡಿಯಿತು. ಹಾಲು ಬತ್ತಿ ಹೋಗಿತ್ತು. ಮಗು ಮತ್ತೆ ಕಿರುಚಿ ಅಳತೊಡಗಿತು. ಅವಳು ಅದನ್ನು ಇನ್ನಷ್ಟು ಅವಚಿಕೊಂಡು ಕೂತಳು. ನನ್ನ ಕಡೆ ನೋಡಲಿಲ್ಲ.

ನಾನು ಎದ್ದು ಹೊರಗೆ ಬಂದೆ. ಬೀದಿಯಲ್ಲಿ ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಸುಡುತ್ತಿತ್ತು, ಜನರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದರು. ಒಳಗೆ ಅವರಿಬ್ಬರಿಗೆ ಆಗತಾನೇ ಬೆಳಗಾಗಿತ್ತು.